ಇಟಲಿಯ ಧಾಟಿ, ಅವ್ವನ ಆರತಿ

ಪ್ಲೇನೋ, ಟೆಕ್ಸಾಸ್
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಜಯದೇವಿಯ ಶರಣು. ಮೊಣಕಾಲು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಬಾಟಲಿಯನ್ನು ದೇವರ ಜಗಲಿಯ ಮೇಲಿಟ್ಟು ಕೈ ಮುಗಿಯುತ್ತಿದ್ದೀಯೋ? ಬಿಪಿ ಗುಳಿಗೆ ಮುಗಿಯುವ ಮೊದಲೇ ಲಿಂಗರಾಜುಗೆ ಹೇಳು, ನನ್ನ ತಮ್ಮ ಅಂತ ಒಬ್ಬನನ್ನು ಮನೆಯಲ್ಲಿ ಇಟ್ಟುಕೊಂಡಿರುವುದು ಮತ್ಯಾಕೆ? ನಾವಿಲ್ಲಿ ಆರಾಮ. ಸೆಪ್ಟೆಂಬರ್ ಅರ್ಧ ಕಳೆದರೂ ಬಿಸಿಲು ಜಗ್ಗುತ್ತಿಲ್ಲ. ನಿನ್ನ ಅಳಿಯ ಚಿದಾನಂದ್ ಬಸುರಿ ಮಗಳಿಗಿಂತ ಹೆಚ್ಚಾಗಿ ಅಂಗಳದ ಹುಲ್ಲಿಗೆ ಉಪಚಾರ ಮಾಡುತ್ತಿದ್ದಾರೆ. ವಾರ ವಾರ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಅನ್ನುತ್ತೀಯ, ಗೊತ್ತು. ಫೋನಿನಲ್ಲಿ ನಿನಗೆ ಬೇಡದ ಮಾತು ಬಂದ ಕೂಡಲೇ “ಕುಕ್ಕರ್ ಸೀಟಿ ಹೊಡೀತು ನೋಡ” ಎಂದು ಇಟ್ಟುಬಿಡುತ್ತೀಯ. ಕಾಗದದ ಮುಂದೆ ನಿನ್ನ ಕುಕ್ಕರ್ ನಡೆಯುವುದಿಲ್ಲ. ಪಕ್ಕದ ಊರು ಮೆಕಿನ್ನಿಯಲ್ಲಿರುವ ಪ್ರಗತಿ ಇವತ್ತು ಸಂಜೆ ಹುಬ್ಬಳ್ಳಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನೆ ಪ್ರೇರಣಾಳ ಕುಬಸ, ಇಲ್ಲಿಯ ಮೈಸೂರಿನವರ ಬಾಯಲ್ಲಿ ಸೀಮಂತ, ಚೆಂದಾಗಿ ಆಯಿತು. ನೀನು ಇರಲಿಲ್ಲ ಅನ್ನುವುದೊಂದೇ ಕೊರತೆ, ಮತ್ತು ಅದಕ್ಕೆ ನನಗೆ ನಿನ್ನ ಮೇಲೆ ಸಿಟ್ಟೂ ಇದೆ. ಕುಬಸಕ್ಕಾಗಲಿ ತೊಟ್ಟಿಲಿಗಾಗಲಿ ಬಾ ಎಂದು ನಾನು ಕರೆದಾಗ ನೀನು ಏನಂದೆ? “ನಾ ಬಂದ್ ಏನ್ ಮಾಡ್ಲಿ? ಅಲ್ಲಿ ಒಳಗ ಕುಂತು ಕೇಳೂದನ್ನ ಇಲ್ಲೇ ಕುಂತು ಕೇಳ್ತೀನಿ.” ಅಪ್ಪ ಹೋದಾಗಿನಿಂದ ನೀನು ಯಾವ ಕುಬಸದಲ್ಲೂ ಯಾವ ಮದುವೆಯಲ್ಲೂ ಮುಂದೆ ಬಂದು ಆರತಿ ತಟ್ಟೆ ಮುಟ್ಟಿಲ್ಲ. ಲಿಂಗರಾಜುವಿನ ಮಗಳು ಶ್ರಾವಣಿಯ ಮದುವೆಯಲ್ಲಿ ನಾವೆಲ್ಲ ಪಡಸಾಲೆಯಲ್ಲಿ ನಿಂತು ನೀನು ಕಟ್ಟಿದ ಹಾಡನ್ನು ಅಪಸ್ವರದಲ್ಲಿ ಹಾಡುತ್ತಿದ್ದೆವು. ನೀನು ಅಡುಗೆಮನೆಯಲ್ಲಿ ಹೋಳಿಗೆ ಮಗುಚುತ್ತಾ ಬರೀ ತುಟಿ ಅಲ್ಲಾಡಿಸುತ್ತಿದ್ದೆ. ಇರಲಿ, ಮೊದಲು ಸುದ್ದಿ ಕೇಳು.

ಪ್ರೇರಣಾಳೂ ಅವಳ ಗಂಡ ಟೋನಿಯೂ ಶುಕ್ರವಾರವೇ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದರು. ಅಲ್ಲಿಯ ದ ಡೊಮೇನ್ ಬಡಾವಣೆಯಲ್ಲಿರುವ ಅವಳ ಆಫೀಸಿನವರು ಮೀಟಿಂಗ್ ಮುಗಿಸಿ ಹೋಗು ಎಂದು ಕೂರಿಸಿಕೊಂಡಿದ್ದರಂತೆ, ಪಾದ ಊದಿಸಿಕೊಂಡು ಬಂದಿದ್ದಳು. ನೀನು ಕಳಿಸಿದ ಹಸಿರು ಇಳಕಲ್ ಸೀರೆ ಉಟ್ಟು ಕೂತಾಗ ಮಾತ್ರ ಥೇಟ್ ನಿನ್ನ ಹಾಗೇ ಕಂಡಳು. ಹ್ಯೂಸ್ಟನ್‌ನಿಂದ ಟೋನಿಯ ಅಜ್ಜಿ ಕಾರ್ಮೆಲಾ ಬಂದಿದ್ದರು. ಇಟಲಿಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಟೆಕ್ಸಾಸಿಗೆ ಬಂದವರು, ನಿನ್ನ ವಾರಿಗೆಯವರು. ಕುರ್ಚಿ ಹಾಕಿದರೆ ಬೇಡ ಎಂದು ನಮ್ಮ ಜೊತೆ ಜಮಖಾನೆಯ ಮೇಲೆ ಕೂತರು. ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ಇದ್ದೆ, ಸಾಕು ಅನ್ನಲೇ ಇಲ್ಲ. ನಿನಗೆ ಹಿಡಿಸುವ ಪೈಕಿ.

ಆರತಿ ಹೊತ್ತಿಗೆ ನಾವು ಹೆಂಗಸರೆಲ್ಲ ಸೇರಿ ನಿನ್ನ “ತಡ ಯಾಕವ್ವಾ ತಾಯೇ, ತೊಟ್ಟಿಲ ಮನೆಗೆ ಬಾರೇ” ಶುರು ಮಾಡಿದೆವು. ಎರಡನೇ ಸಾಲಿಗೆ ಹಿಂದಿನಿಂದ ಯಾರೋ ನಮಗಿಂತ ಗಟ್ಟಿಯಾಗಿ, ನಮಗಿಂತ ಚೆನ್ನಾಗಿ ಹಾಡುವುದು ಕೇಳಿಸಿತು. ಧಾಟಿ ಅದೇ, ಮಾತು ಮಾತ್ರ ಬೇರೆ. ಯಾರದೋ ಫೋನ್ ಬಡಿದುಕೊಳ್ಳುತ್ತಿದೆ ಅಂದುಕೊಂಡು ತಿರುಗಿದರೆ ಕಾರ್ಮೆಲಾ! ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಾರೆ. ನಾವು ಬೆಪ್ಪಾಗಿ ನಿಲ್ಲಿಸಿದೆವು, ಅವರು ನಿಲ್ಲಿಸಲಿಲ್ಲ. ಮೇಲಕ್ಕೆ ಎಳೆಯಬೇಕಾದ ಜಾಗ ಒಂದಿದೆಯಲ್ಲ, ನಾವು ಯಾವಾಗಲೂ ಕೆಮ್ಮಿ ದಾಟಿಸುವುದು, ಅದನ್ನೂ ಎಳೆದು ಮುಗಿಸಿದರು. ಈ ಹಾಡು ನಿಮಗೆ ಹೇಗೆ ಗೊತ್ತು ಎಂದು ನಾನು ಕೇಳುವ ಮೊದಲು ಅವರೇ ನನ್ನನ್ನು ಕೇಳಿದರು. ಅವರು ಹುಡುಗಿಯಾಗಿದ್ದಾಗ ಇಟಲಿಯ ಓಣಿ ಓಣಿಯಲ್ಲಿ ಕುಣಿಸಿದ ಹಾಡಂತೆ. ಹುಡುಗನೊಬ್ಬ ಹಡಗಿನ ಕ್ಯಾಪ್ಟನ್‌ಗೆ ದಮ್ಮಯ್ಯಗುಡ್ಡೆ ಹಾಕುತ್ತಾನೆ: ಸ್ವಲ್ಪ ತಡಿ, ನನ್ನ ಹುಡುಗಿ ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಾಳೆ ಎಂದು. ಮೈಸೂರಿನ ಕೋಕಿಲಾ ಆಂಟಿ ಬಾಯಿ ಮೇಲೆ ಕೈಯಿಟ್ಟು, “ಅಯ್ಯೋ ಶಿವನೇ, ಇಷ್ಟು ವರ್ಷ ನಾವು ದೇವಿಗೆ ಹಾಡ್ತಿದ್ದಿದ್ದು ಲವ್ ಸಾಂಗಾ?” ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ತಕ್ಷಣ ನಗು ಬರಲಿಲ್ಲ ಅವ್ವಾ. ಅಪ್ಪ ಬಂದವರಿಗೆಲ್ಲ “ಧಾಟಿ ಇಕೀದ ಐತ್ರಿ, ಯಾ ಸಿನಿಮಾದ್ದೂ ಅಲ್ಲ” ಎಂದು ಎದೆ ಉಬ್ಬಿಸಿ ಹೇಳುತ್ತಿದ್ದುದು ನೆನಪಾಯಿತು. ಸಿನಿಮಾದ್ದಲ್ಲ ಅನ್ನುವುದೇನೋ ನಿಜವೇ ಆಯಿತು!

ಊಟವಾದ ಮೇಲೆ ಟೋನಿ ಲ್ಯಾಪ್‌ಟಾಪ್ ತೆಗೆದು ಕೂತ. ಆ ಹಾಡು ತಿರುಗದ ದೇಶವಿಲ್ಲ. ಸ್ಪೇನಿನವರು ಹಡಗು ತೆಗೆದು ಬಸ್ಸು ಹಾಕಿದ್ದಾರೆ. ಜರ್ಮನಿಯವರ ಹಾಡಿನಲ್ಲಿ ಹುಡುಗಿ ಬರುತ್ತಾಳೆ, ಆದರೆ ಇನ್ನೊಬ್ಬನ ತೋಳು ಹಿಡಿದುಕೊಂಡು. ಜಪಾನಿನವರದರಲ್ಲಿ ಹುಡುಗಿಯೇ ಇಲ್ಲ, ಬರೀ ಬಂದರು ಮತ್ತು ಮಳೆ. ಫಿನ್‌ಲ್ಯಾಂಡಿನವರು ಎಷ್ಟು ನಿಧಾನ ಹಾಡಿದ್ದಾರೆ ಅಂದರೆ ಚಿದಾನಂದ್ ಸೋಫಾದಲ್ಲೇ ನಿದ್ದೆ ಹೋದರು. ಎಲ್ಲರೂ ಧಾಟಿ ಇಟ್ಟುಕೊಂಡು ಮಾತನ್ನು ತಮಗೆ ಬೇಕಾದ ಹಾಗೆ ಹೊಲಿದುಕೊಂಡಿದ್ದಾರೆ, ಒಬ್ಬರಿಗೂ ಸಂಕೋಚವಿಲ್ಲ. ನಮ್ಮ ಹೆಂಗಸರು ಸಿನಿಮಾ ಧಾಟಿಗೆ ಗೌರಿ ಹಾಡು ಕಟ್ಟುತ್ತಿದ್ದುದೂ ಹೀಗೆಯೇ ಅಲ್ಲವೇ? ಆಗ ನನಗೂ ಜೋರಾಗಿ ನಗು ಬಂತು.

ಇದು ಹುಬ್ಬಳ್ಳಿಗೆ ಬಂದ ದಾರಿಯನ್ನೂ ನಾನು ಲೆಕ್ಕ ಹಾಕಿದ್ದೇನೆ, ತಪ್ಪಿದ್ದರೆ ತಿದ್ದು. ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯಲ್ಲಿ ಗೋವಾದ ಬ್ಯಾಂಡ್ ಮಾಸ್ತರರಿದ್ದರು, ಸಂಜೆ ಪಿಟೀಲು ಹಿಡಿದು ಕೊಂಕಣಿಯಲ್ಲಿ ಹಾಡುತ್ತಿದ್ದರು ಎಂದು ನೀನೇ ಹೇಳಿದ್ದೆ. ಹೊಸದಾಗಿ ಮದುವೆಯಾಗಿ ಬಂದಿದ್ದ ನೀನು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಈ ಧಾಟಿ ಕೇಳಿಸಿಕೊಂಡಿರುತ್ತೀಯ. ಓಣಿಯ ಹೆಂಗಸರೆಲ್ಲ ಸಿನಿಮಾ ಧಾಟಿ ಕದಿಯುವಾಗ ನಿನಗೆ ಯಾರ ಹತ್ತಿರವೂ ಇಲ್ಲದ ಧಾಟಿ ಬೇಕಾಗಿತ್ತು. ಹೌದೋ ಅಲ್ಲವೋ? ನಿನ್ನ ಹಟ ನನಗೆ ಗೊತ್ತಿಲ್ಲವೇ! ಕೊಂಕಣಿಯದು, ಕನ್ನಡದ್ದು ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದ ಟೋನಿ. ಹಾಗಿದ್ದರೆ ಈಗಲೇ ಆಗಲಿ ಎಂದು ಕಾರ್ಮೆಲಾ ಎದ್ದು ನಿಂತರು. ಅವರು ಇಟಾಲಿಯನ್, ನಾವು ಕನ್ನಡ, ನಡುವೆ ಹೊಟ್ಟೆ ಹಿಡಿದುಕೊಂಡು ನಗುವ ಪ್ರೇರಣಾ. ರೆಕಾರ್ಡ್ ಮಾಡಿದ್ದನ್ನು ಲಿಂಗರಾಜುವಿನ ಫೋನಿಗೆ ಕಳಿಸಿದ್ದೇನೆ, ಕೇಳು. ಈ ಮಾತು ಕಟ್ಟಿದವರು ಯಾರು ಎಂದು ಕಾರ್ಮೆಲಾ ಕೇಳಿದರು. ನನ್ನ ತಾಯಿ ಎಂದೆ. ಮತ್ತೆ ಅವರೇಕೆ ಬಂದಿಲ್ಲ ಎಂದರು. ಮೊಣಕಾಲು ನೋವು ಎಂದು ಸುಳ್ಳು ಹೇಳಿದೆ.

ಓಣಿಯ ಹಿರಿಯರಿಗೆಲ್ಲ ನಮ್ಮ ಶರಣು, ಶ್ರಾವಣಿಗೂ ಅವಳ ಗಂಡನಿಗೂ ಆಶೀರ್ವಾದ. ಪ್ರೇರಣಾಳ ಹೊಟ್ಟೆಯಲ್ಲಿರುವುದು ಒದ್ದೂ ಒದ್ದೂ ತನ್ನ ಕ್ಷೇಮ ತಾನೇ ತಿಳಿಸುತ್ತಿದೆ. ನಿನ್ನ ಹರಕೆ ಅದರ ಮೇಲಿರಲಿ.

ನಿನ್ನ ಬಾಯಿಬಡುಕ ಮಗಳು,
ಜಯದೇವಿ

ಕಡೆಯ ಮಾತು: ಪ್ರಗತಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾಳೆ, ಆದರೂ ಇದನ್ನು ಬರೆಯದೆ ಕವರ್ ಅಂಟಿಸಲಾರೆ. ಕಾರ್ಮೆಲಾ ಅವರ ಗಂಡ ತೀರಿಕೊಂಡು ವರ್ಷಗಳಾದವು. ಅದು ನಮಗೆಲ್ಲ ಗೊತ್ತಿತ್ತು. ಆದರೂ ಹಾಡು ಮುಗಿದ ಕೂಡಲೇ ನಾನೇ ಅವರ ಕೈಗೆ ಆರತಿ ತಟ್ಟೆ ಕೊಟ್ಟೆ. ಅವರು ಪ್ರೇರಣಾಳಿಗೆ ಬೆಳಗಿದರು, ಕುಂಕುಮ ಹಚ್ಚಿದರು. ಕೋಕಿಲಾ ಆಂಟಿ ಅವರಿಗೆ ಹಸಿರು ಬಳೆ ತೊಡಿಸಿದರು. ಅಲ್ಲಿದ್ದ ಒಬ್ಬರಿಗೂ ಬೇರೆ ಯೋಚನೆ ಬರಲಿಲ್ಲ. ಇವತ್ತು ಬೆಳಿಗ್ಗೆ ಪ್ರೇರಣಾ ಚಹಾ ಕುಡಿಯುತ್ತಾ, “ಮಮ್ಮಿ, ದೆನ್ ವೈ ನಾಟ್ ಅಜ್ಜಿ?” ಎಂದಳು. ನೀನು ಒಳಗೆ ಹೋಗಿ ಕೂತೆ ಎಂದೇ ನಾನು ಇಷ್ಟು ದಿನ ಸಿಟ್ಟು ಮಾಡಿಕೊಂಡಿದ್ದೆ. ತಟ್ಟೆ ತಂದು ನಿನ್ನ ಕೈಗೆ ಕೊಟ್ಟವರು ನಮ್ಮಲ್ಲಿ ಯಾರೂ ಇರಲಿಲ್ಲ. ನಿನ್ನ ವೀಸಾ ಇನ್ನೂ ಇದೆ, ಡಿಸೆಂಬರ್‌ನಲ್ಲಿ ತೊಟ್ಟಿಲು. ಮೊದಲ ಆರತಿ ನೀನು ಬೆಳಗಬೇಕು, ಮಗುವಿನ ಕಿವಿಯಲ್ಲಿ ಹೆಸರನ್ನೂ ನೀನೇ ಹೇಳಬೇಕು. ಅಜ್ಜಿ ಬರುವ ತನಕ ಹೆಸರಿಡುವುದಿಲ್ಲ ಎಂದು ನಿನ್ನ ಮೊಮ್ಮಗಳು ಹಟ ಹಿಡಿದು ಕೂತಿದ್ದಾಳೆ. ಮಗು ಎಷ್ಟು ದಿನ ಹೆಸರಿಲ್ಲದೆ ಇರಬೇಕು ಅನ್ನುವುದನ್ನು ಇನ್ನು ನೀನೇ ಹೇಳು.