ಆ ಶುಕ್ರವಾರ ನೀವು ಮೂರು ಸಲ ಬಂದಿದ್ದಿರಿ

ಚಿಕ್ಕಬಳ್ಳಾಪುರ
ಭಾನುವಾರ, 21 ಫೆಬ್ರವರಿ 1999

ಕೊಂಡಮ್ಮಕ್ಕನವರಿಗೆ,

ದಸ್ತಗಿರ್ ಮಾಡುವ ನಮಸ್ಕಾರಗಳು. ಕವರಿನ ಮೇಲೆ ನನ್ನ ಹೆಸರು ನೋಡಿಯೂ ಒಡೆದಿದ್ದೀರಿ ಅಂದರೆ ಅದೇ ನನಗೆ ಹೆಚ್ಚು. ಹೋದ ವರ್ಷ ಜುಲೈ ಹದಿನೇಳನೇ ತಾರೀಖು ಶುಕ್ರವಾರ ನಿಜವಾಗಿ ಏನಾಯಿತು ಅಂತ ನಿಮಗೆ ಯಾರೂ ಹೇಳಲಿಲ್ಲ. ಆಗ ಗೊತ್ತಿದ್ದವನು ನಾನೊಬ್ಬನೇ. ಏಳು ತಿಂಗಳು ನಿಮಗೆ ಹೇಳದೆ ಕೂತಿದ್ದೆ. ಇವತ್ತು ಬರೆಯುತ್ತಿದ್ದೇನೆ.

ನಾಲ್ಕು ಊರುಗಳ ರಕ್ತದಾನಿಗಳ ಪಟ್ಟಿ ಒಂದೇ ಕಡೆ ಇರಬೇಕು ಅಂತ ಟ್ರಸ್ಟಿನವರು ಕಂಪ್ಯೂಟರು ತಂದಾಗ ನೀವು ಅವರದೇ ಗೌರಿಬಿದನೂರಿನ ಆಸ್ಪತ್ರೆಯ ಕಿಟಕಿಯಲ್ಲಿ ಹದಿನೆಂಟು ವರ್ಷದಿಂದ ಚೀಟಿ ಬರೆದುಕೊಡುತ್ತಿದ್ದಿರಿ. ತರಬೇತಿಗೆ ಬಂದ ನಾಲ್ವರಲ್ಲಿ ಉಳಿದ ಮೂವರೂ ಹುಡುಗಿಯರು. ನಿಮಗೆ ನಲವತ್ತಾರು. ಅವರೆಲ್ಲ ನಾನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನೀವು ಮಾತ್ರ ಕೈ ಕಟ್ಟಿಕೊಂಡು ಕೇಳುತ್ತಾ ಇದ್ದು ಕೊನೆಗೆ ಒಂದು ಪ್ರಶ್ನೆ ಹಾಕಿದಿರಿ. “ನಾವ್ ಈ ಕಡೆ ಫೋನ್ ಇಟ್‌ಬಿಟ್ಟಿದ್ದು ನಿನ್ನ ಮಿಷಿನ್ನಿಗೆ ಗೊತ್ತಾಗ್ತದೇನಪ್ಪ?” ಗೊತ್ತಾಗತ್ತೆ ಅಕ್ಕ, ಅಂದಿದ್ದೆ. ಪಟ್ಟಿಯನ್ನು ಫೋನ್ ಲೈನಿನಲ್ಲಿ ನಾಲ್ಕೂ ಊರಿಗೆ ಕೊಡುವ ನನ್ನ ಸರ್ವರಿನ ಬಗ್ಗೆ ಯಾರಾದರೂ ಕೇಳಿದ ಒಂದೇ ಒಂದು ಒಳ್ಳೆಯ ಪ್ರಶ್ನೆ ಅದು. ನಾನು ಕೊಟ್ಟ ಉತ್ತರ ತಪ್ಪಾಗಿತ್ತು.

ಆ ಸರ್ವರಿನ ಪ್ರೋಗ್ರಾಮು ನಾನೇ ಬರೆದದ್ದು ಅಂತ ನಿಮಗೆ ಗೊತ್ತು. ಚಿಂತಾಮಣಿಯ ಪಾಲಿಟೆಕ್ನಿಕ್ಕಿನಲ್ಲಿ ಕಲಿತದ್ದು ಸ್ವಲ್ಪ, ಒಂದು ಜೆರಾಕ್ಸ್ ಪುಸ್ತಕ ನೋಡಿ ಕಲಿತದ್ದು ಉಳಿದದ್ದು. ಮೊದಲ ತಿಂಗಳು ನಿಮ್ಮ ಕಡೆ ಪಟ್ಟಿಯ ಪುಟ ತೆರೆಯುವುದಕ್ಕೆ ಮೂರು ನಾಲ್ಕು ನಿಮಿಷ ಹಿಡಿಯುತ್ತಿತ್ತಲ್ಲ. ಪುಟದಲ್ಲಿ ಇಪ್ಪತ್ತು ಚೂರುಗಳಿದ್ದವು. ಒಂದೊಂದು ಚೂರಿಗೂ ನಿಮ್ಮ ಕಂಪ್ಯೂಟರು ನನ್ನ ಸರ್ವರಿನ ಜೊತೆ ಹೊಸದಾಗಿ ಸಂಪರ್ಕ ಮಾಡಿ, ತೆಗೆದುಕೊಂಡು, ಮುಚ್ಚಿ, ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು. ಹಾಗಾಗಿ ಒಂದು ಸಲ ಸಂಪರ್ಕ ಆದಮೇಲೆ ಮುಚ್ಚದೆ ಹಾಗೇ ಹಿಡಿದುಕೊಂಡಿರುವಂತೆ ಪ್ರೋಗ್ರಾಮು ತಿದ್ದಿದೆ. ಪುಟ ಮುಕ್ಕಾಲು ನಿಮಿಷಕ್ಕೇ ಬರತೊಡಗಿತು. ಆವತ್ತು ನೀವು ಫೋನ್ ಮಾಡಿ, “ಈಗ ಬಿರಬಿರನೆ ಬರ್ತೈತೆ ಕಣಪ್ಪ, ಬಾಗುಂದಿ,” ಅಂದಿರಿ. ಚೆನ್ನಾಗಿದೆ ಅನ್ನುವುದಕ್ಕೆ ನೀವು ತೆಲುಗು ಹಿಡಿದದ್ದು ಕೇಳಿ ನಾನೂ ನಕ್ಕೆ.

ಹಿಡಿದುಕೊಂಡ ಸಂಪರ್ಕವನ್ನು ಎಷ್ಟು ಹೊತ್ತು ಹಿಡಿದಿರಬೇಕು ಅನ್ನುವುದನ್ನು ಬರೆದವನೇ ತೀರ್ಮಾನಿಸಬೇಕು. ಆ ಕಡೆಯಿಂದ ಹದಿನೈದು ಸೆಕೆಂಡು ಏನೂ ಕೇಳದಿದ್ದರೆ ಬಿಟ್ಟುಬಿಡು ಅಂತ ಪುಸ್ತಕದಲ್ಲಿತ್ತು. ನಾನು ಒಂದು ಗಂಟೆ ಅಂತ ಬರೆದೆ.

ಯಾಕೆ ಅಂತ ಇದುವರೆಗೂ ಯಾರಿಗೂ ಹೇಳಿಲ್ಲ. ಹೋದ ವರ್ಷ ಜನವರಿಯಲ್ಲಿ ಅಮ್ಮಿ ತೀರಿಕೊಂಡಿದ್ದರು. ತಂಗಿ ಮದುವೆಯಾಗಿ ಹಿಂದೂಪುರದಲ್ಲಿದ್ದಳು. ಮನೆಗೆ ಹೋದರೆ ಬೀಗ ತೆಗೆಯುವವನೂ ನಾನೇ, ಹಾಕುವವನೂ ನಾನೇ. ಕಚೇರಿಯ ಹಿಂದಿನ ಕೋಣೆಯಲ್ಲಿ ದಿನವೆಲ್ಲ ಒಬ್ಬನೇ ಕೂತಿರುತ್ತಿದ್ದೆ. ಯಾವ ಊರು ಈಗ ಸಂಪರ್ಕದಲ್ಲಿದೆ ಅಂತ ತೋರಿಸುವ ಒಂದು ಸಣ್ಣ ಪ್ರೋಗ್ರಾಮು ಬರೆದು ಪರದೆಯ ಮೇಲೆ ಬಿಟ್ಟಿದ್ದೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ನಮ್ಮದೇ ಮುಂದಿನ ಕೋಣೆಯ ಚಿಕ್ಕಬಳ್ಳಾಪುರ. ಹದಿನೈದು ಸೆಕೆಂಡಿಗೆ ಬಿಟ್ಟರೆ ಹೆಸರುಗಳು ಬಂದ ಹಾಗೇ ಮಾಯವಾಗುತ್ತಿದ್ದವು. ಒಂದು ಗಂಟೆ ಅಂದರೆ ಇರುತ್ತಿದ್ದವು. ಊಟದ ಡಬ್ಬಿ ಬಿಚ್ಚಿಕೊಂಡು ಆ ಹೆಸರುಗಳನ್ನು ನೋಡುತ್ತಾ ಊಟ ಮಾಡುತ್ತಿದ್ದೆ ಅಕ್ಕ. ಅದರಲ್ಲೂ ಗೌರಿಬಿದನೂರು ಇದ್ದರೆ ನೆಮ್ಮದಿ. ಯಾಕೆಂದರೆ ದಾನಿಗಳ ಪುಟದಲ್ಲಿ ‘ವಿಶೇಷ’ ಅನ್ನುವ ಖಾನೆಯಲ್ಲಿ ನೀವು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿ, ಊಟ ಆಯಿತಾ ಅಂತ ಕನ್ನಡದಲ್ಲಿ ಕೇಳಿರುತ್ತಿದ್ದಿರಿ. ಅಮ್ಮಿ ಹೋದಮೇಲೆ ಅದನ್ನು ಕೇಳುತ್ತಿದ್ದವರು ನೀವೊಬ್ಬರೇ. ನಾನು ಆಯ್ತು ಅಂತ ಉತ್ತರ ಬರೆದು, ಆಮೇಲೆ ಎರಡನ್ನೂ ಅಳಿಸುತ್ತಿದ್ದೆ. ಟ್ರಸ್ಟಿನವರು ನೋಡಿದರೆ ಬೈಯುತ್ತಾರೆ ಅಂತ.

ಈಗ ಆ ಶುಕ್ರವಾರದ ವಿಷಯ. ಹಿಂದಿನ ದಿನ ಶಿಡ್ಲಘಟ್ಟದಲ್ಲಿ ರಕ್ತದಾನದ ಶಿಬಿರ ಇತ್ತು. ಹೊಸ ಹೆಸರುಗಳನ್ನು ಸೇರಿಸುವುದಕ್ಕೆ, ನೋಡಿಕೊಳ್ಳುವುದಕ್ಕೆ ನಿಮ್ಮನ್ನು ಬಿಟ್ಟು ಉಳಿದ ಮೂರು ಊರಿನವರೂ ಹನ್ನೆರಡರ ಸುಮಾರಿಗೆ ಒಬ್ಬರ ಹಿಂದೊಬ್ಬರು ಪುಟ ತೆರೆದರು. ಬೇರೆ ದಿನಗಳಲ್ಲಿ ಬೆಳಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು ಬರುತ್ತಿದ್ದಿರಿ, ಹಾಗಾಗಿ ತೊಂದರೆ ಕಂಡಿರಲಿಲ್ಲ. ಒಬ್ಬರು ಪುಟ ತೆರೆದರೆ ಅವರ ಕಂಪ್ಯೂಟರು ಒಂದಲ್ಲ, ನಾಲ್ಕು ಸಂಪರ್ಕ ಹಿಡಿಯುತ್ತದೆ. ನಮ್ಮ ಸರ್ವರಿನ ಶಕ್ತಿಗೆ ಒಟ್ಟು ಹನ್ನೆರಡೇ ಸಂಪರ್ಕ. ಮೂರು ಊರು ಸೇರಿ ಹನ್ನೆರಡೂ ತುಂಬಿದವು. ಚಿಂತಾಮಣಿಯವರು, ಶಿಡ್ಲಘಟ್ಟದವರು ಕೆಲಸ ಮುಗಿಸಿ ಫೋನ್ ಇಟ್ಟು ಎದ್ದುಹೋದರು. ಆದರೆ ಆ ಕಡೆ ಫೋನ್ ಇಟ್ಟರೆ ಈ ಕಡೆ ಸರ್ವರಿಗೆ ಗೊತ್ತಾಗುವುದಿಲ್ಲ ಅಕ್ಕ. ಯಾರೂ ಬಂದು ಹೇಳುವುದಿಲ್ಲ ಅದಕ್ಕೆ. ಅವರಿನ್ನೂ ಇದ್ದಾರೆ ಅಂತಲೇ ನಾನು ಹೇಳಿದಷ್ಟು ಹೊತ್ತು, ಪೂರ್ತಿ ಒಂದು ಗಂಟೆ, ಕಾಯುತ್ತಾ ಕೂತಿತ್ತು. ಆ ಒಂದು ಗಂಟೆಯಲ್ಲಿ ನೀವು ಬಂದಿರಿ.

ನಾನು ಆಗ ಜುಮ್ಮಾ ನಮಾಜಿಗೆ ಹೋಗಿದ್ದೆ. ನೀವು ಕಚೇರಿಯ ಫೋನಿಗೂ ಮಾಡಿದಿರಂತೆ. ಫೋನಿರುವ ನನ್ನ ಕೋಣೆಯಲ್ಲಿ ಎತ್ತುವವರು ಇರಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬಳು ಬಾಣಂತಿಗೆ ರಕ್ತ ಹೋಗುತ್ತಿತ್ತು, ಅವಳ ಗುಂಪು ಸಿಗುವುದೇ ಅಪರೂಪ. ಪಟ್ಟಿ ಬರಲಿಲ್ಲ ಅಂತ ನೀವು ಕೈಚೆಲ್ಲಲಿಲ್ಲ. ವಿದುರಾಶ್ವತ್ಥದಲ್ಲಿ ಸೈಕಲ್ ಶಾಪಿಟ್ಟಿರುವ ಮುನಿಶಾಮಪ್ಪನವರದು ಅದೇ ಗುಂಪು ಅಂತ ನಿಮಗೆ ನೆನಪಿತ್ತು. ಆಟೋ ಹಿಡಿದು ಹೋಗಿ ಕರೆತಂದಿರಿ. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಮುನಿಶಾಮಪ್ಪನವರು ಏಳು ವಾರದ ಹಿಂದಷ್ಟೇ ಚಿಂತಾಮಣಿಯಲ್ಲಿ ರಕ್ತ ಕೊಟ್ಟಿದ್ದರು. ಮೂರು ತಿಂಗಳು ಆಗದೆ ತೆಗೆಯುವ ಹಾಗಿಲ್ಲ. ಪಟ್ಟಿಯಲ್ಲಿ ಆ ತಾರೀಖು ಇತ್ತು. ಅವರು ನಿಮಗೆ ಹೇಳಲಿಲ್ಲ, ಹೇಳಿದರೆ ಬೇಡ ಅನ್ನುತ್ತೀರಿ ಅಂತ. ಸಂಜೆ ಮನೆಗೆ ಹೋಗುವಾಗ ತಲೆ ಸುತ್ತಿ ಸೈಕಲ್ಲಿನಿಂದ ಬಿದ್ದರು, ಬಲಗೈ ಮುರಿಯಿತು. ಅವರ ಅಳಿಯ ಟ್ರಸ್ಟಿಗೆ ದೂರು ಬರೆದ.

ಮಂಗಳವಾರದ ಸಭೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಧ್ಯಕ್ಷರು ವೆಂಕಟರಾಯಪ್ಪನವರು, ಮೇಷ್ಟರಾಗಿದ್ದವರು, ನಿಮ್ಮನ್ನು ನಿಲ್ಲಿಸಿಕೊಂಡೇ ಕೇಳಿದರು. ಪಟ್ಟಿ ನೋಡದೆ ದಾನಿಯನ್ನು ಯಾಕೆ ಕರೆತಂದಿರಿ ಅಂತ. ನೀವು ಗಾಬರಿಯಾಗದೆ ಹೇಳಿದಿರಿ. “ನಾನು ಹಾಕ್ದೆ ಸ್ವಾಮಿ. ಮೂರ್ ಸಲ ಹಾಕ್ದೆ. ಲೈನ್ ಸಿಕ್ತು, ಪುಟ ಮಾತ್ರ ಬೆಳ್ಳಗೆ ನಿಂತುಬಿಡ್ತು.” ಆಮೇಲೆ ನನ್ನ ಕಡೆ ತಿರುಗಿದಿರಿ. “ನೀನೇ ಹೇಳಪ್ಪ ದಸ್ತಗಿರ್.”

ನನ್ನ ಕೈಯಲ್ಲಿ ಸರ್ವರಿನ ದಾಖಲೆಯ ಪ್ರಿಂಟು ಇತ್ತು. ಯಾವ ಊರಿನವರು ಎಷ್ಟು ಗಂಟೆಗೆ ಏನು ಕೇಳಿದರು ಅಂತ ಅದರಲ್ಲಿ ಬೀಳುತ್ತದೆ. ಹನ್ನೆರಡರಿಂದ ಒಂದರ ತನಕ ಗೌರಿಬಿದನೂರಿನದು ಒಂದು ಸಾಲೂ ಇರಲಿಲ್ಲ. ಇಲ್ಲ ಅಂತ ಓದಿ ಹೇಳಿದೆ. ಸುಳ್ಳು ಹೇಳಲಿಲ್ಲ, ಕಾಗದದಲ್ಲಿ ಇದ್ದದ್ದನ್ನು ಹೇಳಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಒಳಗೆ ಬಿಟ್ಟುಕೊಳ್ಳದವರ ಹೆಸರನ್ನು ಸರ್ವರು ಬರೆದುಕೊಳ್ಳುವುದಿಲ್ಲ ಅನ್ನುವುದು ಅದನ್ನು ಬರೆದ ನನಗೆ ಗೊತ್ತಿರಬೇಕಿತ್ತು. ಇನ್ನೊಂದು ಮಾತು ಅಕ್ಕ, ಇದು ಅದಕ್ಕಿಂತ ಕೆಟ್ಟದ್ದು. ಯಾವ ಊರಿಂದ ಎಷ್ಟು ಗಂಟೆಗೆ ಫೋನ್ ಬಂತು ಅಂತ, ಫೋನ್ ಲೈನು ಹಿಡಿಯುವ ಮೋಡೆಮಿನ ದಾಖಲೆ ಬೇರೆ ಕಡೆ ಇರುತ್ತದೆ. ಓದುತ್ತಾ ನಿಂತಿದ್ದಾಗಲೇ ಅದು ಇದೆ ಅಂತ ನನಗೆ ನೆನಪಾಯಿತು. ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಮುಂದಿನ ಪ್ರಶ್ನೆ ನನಗೇ ಬರುತ್ತಿತ್ತು.

ನೀವು ನನ್ನನ್ನು ಒಂದು ಕ್ಷಣ ನೋಡಿದಿರಿ. ಸೆರಗು ಸರಿಮಾಡಿಕೊಂಡು, ಗೌರಿಬಿದನೂರಿನ ಕಚೇರಿಯ ಬೀಗದ ಕೈ ಮೇಜಿನ ಮೇಲಿಟ್ಟು, “ಬರ್ತೀನಿ ಸ್ವಾಮಿ,” ಅಂತ ಕೆಲಸ ಬಿಟ್ಟು ಹೊರಟಿರಿ. ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಮೂರೂವರೆಗೆ ಇತ್ತು. ಕಿಟಕಿಯಿಂದ ನೋಡಿದೆ, ಬಿಸಿಲಿನಲ್ಲಿ ನೀವು ಬಸ್‌ಸ್ಟ್ಯಾಂಡ್ ಕಡೆ ನಡೆದು ಹೋಗುತ್ತಿದ್ದಿರಿ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ.

ನೀವು ಹೋದಮೇಲೆ ಹಿಂದಿನ ಕೋಣೆಗೆ ಹೋಗಿ ಮೋಡೆಮಿನ ದಾಖಲೆ ತೆಗೆದೆ. ಹನ್ನೆರಡು ಇಪ್ಪತ್ತೆರಡು, ಏಳು ನಿಮಿಷ. ಹನ್ನೆರಡು ಮೂವತ್ತೊಂದು, ಒಂಬತ್ತು ನಿಮಿಷ. ಹನ್ನೆರಡು ನಲವತ್ಮೂರು, ಎಂಟು ನಿಮಿಷ. ಒಟ್ಟು ಇಪ್ಪತ್ತನಾಲ್ಕು ನಿಮಿಷ ನೀವು ಬೆಳ್ಳನೆಯ ಪುಟದ ಮುಂದೆ ಕೂತಿದ್ದಿರಿ, ಒಳಗೆ ಒಬ್ಬಳು ಸಾಯುತ್ತಿರುವಾಗ. ನಾನು ಆ ಒಂದು ಗಂಟೆಯನ್ನು ಅಳಿಸಿ ಹದಿನೈದು ಸೆಕೆಂಡು ಅಂತ ಬರೆದೆ. ಒಂದು ಸಾಲು, ಅರ್ಧ ನಿಮಿಷದ ಕೆಲಸ. ಯಾರಿಗೂ ಹೇಳಲಿಲ್ಲ. ಅಂದಿನಿಂದ ಸರ್ವರು ಒಂದು ದಿನವೂ ಕೈಕೊಟ್ಟಿಲ್ಲ. ಒಳ್ಳೆಯ ಕೆಲಸಗಾರ ಅಂತ ನನಗೆ ಹೆಸರೂ ಬಂತು. ಪರದೆಯ ಮೇಲೆ ಈಗ ಊರಿನ ಹೆಸರು ಹೀಗೆ ಬಂದು ಹಾಗೆ ಹೋಗುತ್ತದೆ. ನಿಮ್ಮ ಜಾಗಕ್ಕೆ ಬಂದ ಹುಡುಗಿ ಕೆಲಸ ಚೆನ್ನಾಗಿ ಮಾಡುತ್ತಾಳೆ. ‘ವಿಶೇಷ’ದ ಖಾನೆ ಖಾಲಿ ಬಿಡುತ್ತಾಳೆ, ಅದು ಸರಿಯೇ. ಈ ಸಲದ ಈದ್ ದಿನ ನಮಾಜು ಮುಗಿಸಿ ಮನೆಗೆ ಹೋಗದೆ ಕಚೇರಿಗೇ ಬಂದು ಕೂತಿದ್ದೆ. ರಜೆ, ಯಾವ ಊರೂ ಬರಲಿಲ್ಲ.

ಮುನಿಶಾಮಪ್ಪನವರ ಹತ್ತಿರ ಹೋದದ್ದು ಆಮೇಲೆ, ಹೋದ ತಿಂಗಳ ಕೊನೆಯಲ್ಲಿ. ಅವರ ಅಂಗಡಿಯಲ್ಲಿ ಕೂತು ನಡೆದದ್ದನ್ನು ಹೇಳಿದೆ. ಅವರು ಟ್ಯೂಬಿಗೆ ಪಂಕ್ಚರ್ ಹಾಕುತ್ತಲೇ ಕೇಳಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಕೈ ಒರೆಸಿಕೊಂಡು, “ಆಯಮ್ಮನಿಗೆ ಹೇಳ್ದೇನಪ್ಪ?” ಅಂತ ಒಂದೇ ಕೇಳಿದರು. ಇಲ್ಲ ಅಂದೆ. ಅವರು ಮತ್ತೆ ಟ್ಯೂಬು ಎತ್ತಿಕೊಂಡರು.

ಮುಂದಿನ ಸಭೆಯಲ್ಲಿ ಎರಡೂ ದಾಖಲೆ ಇಟ್ಟು ತಪ್ಪು ನನ್ನದು ಅಂತ ಹೇಳಿದೆ. ವೆಂಕಟರಾಯಪ್ಪನವರು ಕನ್ನಡಕ ತೆಗೆದು ಎರಡೂ ಕಾಗದಗಳನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಹಳೇ ವಿಷಯ, ಈಗ ಬೇರೆಯವರು ಬಂದಾಗಿದೆ, ಕೆದಕುವುದು ಬೇಡ ಅಂದರು ಕೆಲವರು. ನಾನು ಕೂರಲಿಲ್ಲ. ಕೊಂಡಮ್ಮನವರು ಹೇಳಿದ್ದು ನಿಜ ಅಂತ ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ನಿಂತೇ ಇದ್ದೆ. ಕೊನೆಗೆ ವೆಂಕಟರಾಯಪ್ಪನವರೇ ಪೆನ್ನು ತೆಗೆದುಕೊಂಡು ತಮ್ಮ ಕೈಯಾರೆ ಬರೆದರು. ಅದರ ನಕಲು ಇದರ ಜೊತೆ ಇಟ್ಟಿದ್ದೇನೆ, ಮೋಡೆಮಿನ ಆ ಮೂರು ಸಾಲುಗಳೂ ಇವೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸರ್ವರು ನೋಡುವವರು ಬೇರೆ ಯಾರೂ ಇಲ್ಲವಂತೆ. ನಿಮ್ಮ ಕೆಲಸ ನಿಮಗೆ ವಾಪಸು ಕೊಡಿ ಅಂತ ಕೇಳಿದೆ, ಅವರು ಮುಂದಿನ ವಿಷಯ ಎತ್ತಿಕೊಂಡರು. ನಾನು ಕೊಡಿಸಲಾರದ್ದನ್ನು ಕೊಡಿಸುತ್ತೇನೆ ಅಂತ ಬರೆಯುವುದಿಲ್ಲ.

ಹೋದ ಭಾನುವಾರ ನಗರಗೆರೆಗೆ ಬಂದಿದ್ದೆ. ನೀವು ಅಕ್ಕನ ಮನೆಗೆ ಬಂದುಬಿಟ್ಟಿದ್ದೀರಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ನೀವು ಹೊಲಕ್ಕೆ ಹೋಗಿದ್ದಿರಿ, ನಿಮ್ಮ ಅಕ್ಕ ಮಜ್ಜಿಗೆ ಕೊಟ್ಟು ಕೂರಿಸಿದರು. ಯಾರಂತ ಹೇಳ್ಲಪ್ಪ ಅಂತ ಕೇಳಿದಾಗ, ಆಸ್ಪತ್ರೆ ಕಡೆಯವನು ಅಂದೆ. ಹೆಸರು ಹೇಳಲು ಆಗಲಿಲ್ಲ. ಮುಕ್ಕಾಲು ಗಂಟೆ ಕಾದೆ. ಕೆರೆ ಏರಿಯಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವರು ನೀವೇ ಅಂತ ನಡಿಗೆಯಲ್ಲೇ ಗುರುತು ಸಿಕ್ಕಿತು. ಅಷ್ಟರಲ್ಲಿ ಬಸ್ಸು ಬಂತು. ಮುಂದಿನ ಬಸ್ಸು ಇತ್ತು ಅಕ್ಕ, ಅದು ನನಗೆ ಗೊತ್ತಿತ್ತು. ಆದರೂ ಹತ್ತಿಬಿಟ್ಟೆ. ಅದಕ್ಕೇ ಈ ಕಾಗದ.

ಆ ಬಾಣಂತಿಯನ್ನೂ ವಿಚಾರಿಸಿದೆ. ಮಗುವಿಗೆ ಏಳು ತಿಂಗಳು, ಹೆಣ್ಣು, ತೆವಳುತ್ತದಂತೆ. ನನ್ನ ಪಟ್ಟಿ ಆ ಮಗುವಿಗೆ ಏನೂ ಮಾಡಲಿಲ್ಲ. ನೀವು ಮಾಡಿದಿರಿ. ಇದನ್ನು ಯಾರಾದರೂ ನಿಮ್ಮ ಮುಂದೆ ಹೇಳಬೇಕಿತ್ತು, ಅವತ್ತೇ, ಎಲ್ಲರೂ ಕೂತಿದ್ದಾಗ.

ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ಈ ಸಲ ಬಾಗಿಲಲ್ಲಿ ನಿಂತು ಹೆಸರು ಹೇಳುತ್ತೇನೆ. ಒಳಗೆ ಕರೆಯದಿದ್ದರೆ ತಪ್ಪಿಲ್ಲ. ಹೊರಗೇ ನಿಂತು ಕಾಯುತ್ತೇನೆ, ಬಸ್ಸು ಬಂದರೂ.

ಹೊತ್ತ ಹೊರೆ ನಿಮಗೆ ಹಗುರಾಗಲಿ, ಮೈ ಗಟ್ಟಿಯಾಗಿರಲಿ. ನಿಮ್ಮ ದೇವರೂ ನನ್ನ ದೇವರೂ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ ಮುಂದೆ ತಪ್ಪಿತಸ್ಥ,
ದಸ್ತಗಿರ್