ಗುರುವಾರದ ಸರದಿ

ತಂಗಿಗೆ ಆಶೀರ್ವಾದಗಳು.

ನನ್ನ ಮಗಳು ತೀರಿಕೊಂಡಳೆಂದು ಮನೆಯಲ್ಲಿ ಸೇರಿರುವ ಎಲ್ಲರಿಗೂ ನನ್ನ ಕೃತಜ್ಞತೆ ತಿಳಿಸು. ಅವರ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ ಎಂದೂ ಹೇಳು.

ಹಾಸ್ಟೆಲಿನಿಂದ ಅವಳ ಸಾಮಾನು ತರಲು ಬಂದವನು ಅವಳು ಓದುತ್ತಿದ್ದ ಫ್ರೆಂಚ್ ವಿಭಾಗಕ್ಕೂ ಹೋಗಿದ್ದೆ. ಇಲ್ಲಿ ವಾರಕ್ಕೊಬ್ಬರು ತಮ್ಮ ಪ್ರಬಂಧ ಓದಬೇಕು, ಉಳಿದವರು ಆಕ್ಷೇಪ ಎತ್ತಬೇಕು. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಈ ಗುರುವಾರದ ಸರದಿಗೆ ನಮ್ಮ ಹುಡುಗಿಯ ಹೆಸರು ಹಾಗೆಯೇ ಇದೆ. ಪ್ರಾಧ್ಯಾಪಕರನ್ನು ಕೇಳಿದೆ.

"ಪಟ್ಟಿ ವರ್ಷದ ಮೊದಲಲ್ಲೇ ಮಂಜೂರಾಗಿದೆ ಸಾರ್, ಈಗ ಮುಟ್ಟೋಕಾಗಲ್ಲ."

ಸಂತಾಪ ಸಭೆಯಲ್ಲಿ ಅವರು ಅವಳನ್ನು ವಿನಯದ ಮೂರ್ತಿ ಎಂದು ಹೊಗಳಿದ್ದರಂತೆ. ಅವಳ ಪ್ರಬಂಧದ ಅಂಚಿನಲ್ಲಿ ಅವರದೇ ಕೆಂಪು ಶಾಯಿಯ ಷರಾ ಇದೆ: 'ವಾದ ಜಾಸ್ತಿ, ವಿನಯ ಕಡಿಮೆ.' ಫ್ರೆಂಚಿನಲ್ಲಿದ್ದ ಅದನ್ನು ಅವಳ ರೂಮಿನ ಗೆಳತಿ ಓದಿ ಅರ್ಥ ಹೇಳಿದಳು. ಅದನ್ನು ತೋರಿಸಿದಾಗ, "ಈ ಚಟ ಅವಳಿಗೆ ಎಲ್ಲಿಂದ ಅಂಟ್ಕೊಂಡಿತ್ತೋ!" ಎಂದರು. ಕಾಲೇಜಿನಲ್ಲಿ ನಾನು ಗೆದ್ದ ಚರ್ಚಾಸ್ಪರ್ಧೆಗಳ ವಿಷಯ ಎತ್ತಲಿಲ್ಲ. ಪಟ್ಟಿ ಬದಲಾಗದು ಎಂದಮೇಲೆ ಸರದಿಯೂ ತಪ್ಪಬಾರದು ಎಂದಷ್ಟೇ ವಾದಿಸಿದೆ. ಒಪ್ಪಿದರು.

ರಕ್ತದೊತ್ತಡದ ಮಾತ್ರೆ ತಪ್ಪಿಸಿಲ್ಲ. ಭಾವನವರು ಕರೆದೊಯ್ಯಲು ಬರುವುದು ಬೇಡ.

ಯಾರನ್ನೂ ಕೇಳದೆ ತೀರ್ಮಾನಿಸಿದ್ದೇನೆ: ಗುರುವಾರ ಆ ಪ್ರಬಂಧವನ್ನು ನಾನೇ ಓದುತ್ತೇನೆ. ಫ್ರೆಂಚಿನ ಗಂಧವಿಲ್ಲದ ನನಗಾಗಿ ಗೆಳತಿ ಅದನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಡುತ್ತಿದ್ದಾಳೆ. ಆಕ್ಷೇಪಗಳಿಗೆ ನನ್ನ ಬಳಿ ಉತ್ತರವಿರುವುದಿಲ್ಲ. "ಅಪ್ಪಾ, ಒಂದ್ಸಲನಾದ್ರೂ ಎದುರು ಮಾತಾಡ್ದೆ ಕೇಳಿಸ್ಕೊ" ಎನ್ನುತ್ತಿದ್ದಳಲ್ಲ. ಅಂದು ಕೊನೆಯವರೆಗೂ ನಿಂತು ಕೇಳಿಸಿಕೊಳ್ಳುತ್ತೇನೆ.

ನಿನ್ನ ಅಣ್ಣ