ಹಳೆಯ ಮಾತ್ರೆಗೆ ನಾನು ಮರಳುವುದಿಲ್ಲ

ಮಹಾಪೆಯ ನಮ್ಮ ಕಂಪನಿಯ ಮಾನ್ಯ ವೈದ್ಯಾಧಿಕಾರಿಗಳೇ,

ಅಪಸ್ಮಾರಕ್ಕೆ ಹಿಂದೆ ನುಂಗುತ್ತಿದ್ದ ಮಾತ್ರೆಯನ್ನೇ ಮತ್ತೆ ಶುರುಮಾಡಿದ್ದೇನೆಂದು ಬರೆದುಕೊಟ್ಟರೆ ಮಾತ್ರ ಕೆಲಸಕ್ಕೆ ಬರಬಹುದೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಬರೆದುಕೊಡುವುದಿಲ್ಲ. ಇದನ್ನು ತಮ್ಮ ಕೋಣೆಯಲ್ಲೇ ಹೇಳಲು ಬಂದಿದ್ದೆ. ಕುಳಿತುಕೊಳ್ಳಿ ಎಂದೂ ಹೇಳದೆ ತಾವು ಮುಂದಿನವರನ್ನು ಕರೆದಿರಿ. ತಾವೂ ನಮ್ಮ ಊರ ಕಡೆಯವರು, ಕನ್ನಡ ಸಂಘದ ವೇದಿಕೆಯಲ್ಲಿ ಆರೋಗ್ಯದ ಬಗ್ಗೆ ಭಾಷಣ ಮಾಡುವವರು. ಆದ್ದರಿಂದ ಕನ್ನಡ ಪತ್ರಿಕೆಯಲ್ಲಾದರೂ ನನ್ನ ಮಾತು ತಮ್ಮ ಕಣ್ಣಿಗೆ ಬಿದ್ದೀತು ಎಂಬ ಆಸೆ.

ಎಂಟನೇ ಕ್ಲಾಸಿನಲ್ಲಿ ನನಗೆ ಮೊದಲ ಸಲ ಫಿಟ್ಸ್ ಬಂತು. ಅಂದಿನಿಂದ ಫೆನಿಟಾಯಿನ್ ಮಾತ್ರೆ ನುಂಗಿದೆ. ಫಿಟ್ಸ್ ನಿಂತಿತು, ಸುಳ್ಳು ಹೇಳಲಾರೆ. ಓದಿದೆ, ಮದುವೆಯಾದೆ, ತಮ್ಮ ಕಂಪನಿಯಲ್ಲಿ ಗ್ರಾಹಕರ ಫೋನ್ ಎತ್ತುವ ಕೆಲಸಕ್ಕೆ ಸೇರಿದೆ. ಆದರೆ ಆ ಮಾತ್ರೆ ಕೊಟ್ಟದ್ದು ಇಷ್ಟೇ ಅಲ್ಲ. ವಸಡು ಊದಿ ಹಲ್ಲಿನ ಮೇಲೆ ಬೆಳೆಯಿತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಅಭ್ಯಾಸವಾಯಿತು. ಗಲ್ಲದ ಮೇಲೆ ಕೂದಲು ಬಂತು. ಕೊನೆಕೊನೆಗೆ ನಾಲಿಗೆ ತೊದಲಿತು, ಕಾಲು ತೂರಾಡಿತು. ಫೋನಿನಲ್ಲಿ ಗ್ರಾಹಕರು "ಮೇಡಂ, ನಿದ್ದೆಯಿಂದ ಎದ್ದು ಬಂದಿರಾ?" ಎಂದು ಕೇಳುತ್ತಿದ್ದರು. ಒಂದು ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತುವಾಗ ಜೋಲಿ ತಪ್ಪಿ ಒಬ್ಬಾಕೆಯ ಮೈಮೇಲೆ ಬಿದ್ದೆ. "ದಾರೂ ಪಿಊನ್ ಆಲೀಸ್ ಕಾ?" ಎಂದಳು. ಕುಡಿದು ಬಂದಿದ್ದೀಯಾ ಎಂದು. ಡಬ್ಬಿ ತುಂಬ ನಗು. ಠಾಣೆ ಸ್ಟೇಷನ್ನಿನಲ್ಲಿ ಇಳಿದವಳು ಮುಂದಿನ ಗಾಡಿ ಹತ್ತದೆ, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತು ಅತ್ತೆ.

ತಮಗೂ ಹೇಳಿದ್ದೆ, ನೆನಪಿದೆಯೇ? "ಫಿಟ್ಸ್ ಬರುತ್ತಿಲ್ಲವಲ್ಲ, ಇನ್ನೇನು ಬೇಕು ನಿಮಗೆ?" ಎಂದಿರಿ. ಏನು ಬೇಕೆಂದು ಈಗ ಹೇಳುತ್ತೇನೆ. ನೆಟ್ಟಗೆ ನಡೆಯಬೇಕು. ಬಾಯಿ ತುಂಬ ನಗಬೇಕು. ಇದು ದುರಾಸೆಯೇ, ಸ್ವಾಮಿ? ರೋಗ ವಾಸಿಯಾದರೆ ಸಾಕು, ರೋಗಿ ಹೇಗಿದ್ದರೂ ನಡೆಯುತ್ತದೆ ಎಂಬ ಪಾಠವನ್ನು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ?

ಕೊನೆಗೆ ಮುಂಬೈಯಲ್ಲಿ ಒಬ್ಬ ನರರೋಗ ತಜ್ಞೆಯ ಬಳಿ ಹೋದೆವು. ಅವರು ನನ್ನನ್ನು ಗೆರೆಯ ಮೇಲೆ ನಡೆಸಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. "ಈ ಮಾತ್ರೆ ಫಿಟ್ಸ್ ತಡೆಯುತ್ತಿದೆ, ನಿಮ್ಮನ್ನು ಬೀಳಿಸುತ್ತಲೂ ಇದೆ. ಹೊಸದನ್ನು ನಿಧಾನವಾಗಿ ಏರಿಸಿ, ಹಳೆಯದನ್ನು ನಿಧಾನವಾಗಿ ಇಳಿಸೋಣ. ನಡುವೆ ಒಂದು ಫಿಟ್ಸ್ ಬಂದರೂ ಬರಬಹುದು. ಒಪ್ಪಿಗೆಯಾ?" ಎಂದರು.

ಮನೆಯಲ್ಲಿ ಯಾರಿಗೂ ಒಪ್ಪಿಗೆ ಇರಲಿಲ್ಲ. ಅತ್ತೆ, "ಇಷ್ಟು ವರ್ಷ ಸುಮ್ಮನೆ ಮಲಗಿದ್ದನ್ನು ಎಂತಕ್ಕೆ ಎಬ್ಬಿಸುವುದು ಮಗಾ?" ಎಂದರು. ಗಂಡ ಯತಿನ್ ಹೋಟೆಲಿನಲ್ಲಿ ಕ್ಯಾಪ್ಟನ್, ಮಾಣಿಗಳ ಮೇಲ್ವಿಚಾರಕ. ಹೆಚ್ಚು ಮಾತಿನ ಮನುಷ್ಯನಲ್ಲ. "ಗಾಡಿಯಲ್ಲಿ ಬಂದರೆ ಎಂತ ಮಾಡ್ತಿ?" ಎಂದು ಒಂದೇ ಮಾತು ಕೇಳಿದರು.

"ಈಗ ಫಿಟ್ಸ್ ಇಲ್ಲದೆಯೂ ಗಾಡಿಯಲ್ಲಿ ಬೀಳ್ತಾ ಇದ್ದೇನಲ್ಲ?" ಎಂದೆ. ಮರುದಿನದಿಂದ ಅವರು ಠಾಣೆಯವರೆಗೆ ನನ್ನ ಜೊತೆ ಬರತೊಡಗಿದರು.

ಹೊಸ ಮಾತ್ರೆ ಲೆವೆಟಿರಸೆಟಮ್. ಅದೂ ಅಮೃತವೇನಲ್ಲ. ಮೊದಮೊದಲು ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯೆಂದದ್ದಕ್ಕೆ ಅತ್ತೆಯ ಎದುರು ಸೌಟು ಎಸೆದೆ, ಆಮೇಲೆ ಅವರ ಮಡಿಲಲ್ಲೇ ಅತ್ತುಬಿಟ್ಟೆ. ತಜ್ಞೆಗೆ ಹೇಳಿದೆವು. ಅವರು ಪ್ರಮಾಣ ತಗ್ಗಿಸಿ, ಇನ್ನೂ ನಿಧಾನವಾಗಿ ಏರಿಸಿದರು. ಸಿಟ್ಟು ಇಳಿಯಿತು. ಈ ಪತ್ರದಲ್ಲಿರುವುದು ಮಾತ್ರೆಯ ಸಿಟ್ಟಲ್ಲ, ನನ್ನದೇ.

ಹೋದ ಜನವರಿಯಲ್ಲಿ, ಹಳೆಯದು ಇನ್ನೇನು ಮುಗಿಯಬೇಕು ಎನ್ನುವಾಗ, ಕ್ಯಾಂಟೀನಿನಲ್ಲಿ ಫಿಟ್ಸ್ ಬಂತು. ಪಕ್ಕದ ಮೇಜಿನ ತೃಪ್ತಿ ನನ್ನನ್ನು ಮಗ್ಗುಲಿಗೆ ಹೊರಳಿಸಿ ತಲೆಯಡಿಗೆ ಸ್ವೆಟರ್ ಇಟ್ಟಳಂತೆ. ಚಪ್ಪಲಿ ಮೂಸಿಸಲು ಬಂದವರನ್ನು, ಕೈಗೆ ಕೀಲಿಗೊಂಚಲು ತುರುಕಲು ಬಂದವರನ್ನು ಗದರಿ ಹಿಂದೆ ಕಳಿಸಿದಳಂತೆ. ತಾವು ಎಲ್ಲ ಮುಗಿದ ಮೇಲೆ ಬಂದಿರಿ. ನನಗೆ ಪೂರ್ತಿ ಎಚ್ಚರವಾಗುವ ಮೊದಲೇ "ತಾನಾಗಿ ತಂದುಕೊಂಡದ್ದು" ಎಂದು ತೀರ್ಪು ಕೊಟ್ಟಿರಿ. ಅಂದಿನಿಂದ ಮನೆಯಲ್ಲಿದ್ದೇನೆ.

ಮನೆಯಲ್ಲಿ ಕುಳಿತು ಏನಾಯಿತು, ತಾವು ಒಮ್ಮೆಯೂ ವಿಚಾರಿಸಲಿಲ್ಲ. ತಜ್ಞೆ ಹೊಸ ಮಾತ್ರೆಯನ್ನು ಸ್ವಲ್ಪ ಹೆಚ್ಚಿಸಿದರು. ಆಮೇಲೆ ಈ ದೀಪಾವಳಿಯವರೆಗೆ ಫಿಟ್ಸ್ ಇಲ್ಲ. ತೊದಲು ಹೋಗಿದೆ. ಊದಿದ ವಸಡನ್ನು ಹಲ್ಲಿನ ವೈದ್ಯರು ಕತ್ತರಿಸಿ ಸರಿಮಾಡಿದ್ದಾರೆ. ಕಲ್ಯಾಣದ ಮಾರ್ಕೆಟ್ಟಿನಿಂದ ಎರಡೂ ಕೈಯಲ್ಲಿ ಚೀಲ ಹಿಡಿದು ಯಾರ ಭುಜವನ್ನೂ ಹಿಡಿಯದೆ ಬರುತ್ತೇನೆ. ಮುಂದೆ ಎಂದೂ ಫಿಟ್ಸ್ ಬರುವುದಿಲ್ಲವೆಂದು ನಾನು ಬರೆದುಕೊಡಲಾರೆ. ತಮಗೆ ಎಂದೂ ಎದೆನೋವು ಬರುವುದಿಲ್ಲವೆಂದು ತಾವು ಬರೆದುಕೊಡುತ್ತೀರಾ?

ಇದೇ ಕಾಯಿಲೆಯ ಓದುಗರಿಗೊಂದು ಮಾತು. ನನ್ನ ಹಠ ನೋಡಿ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ಅದು ಜೀವಕ್ಕೇ ಅಪಾಯ. ಆದರೆ ಮಾತ್ರೆ ಕಷ್ಟ ಕೊಡುತ್ತಿದ್ದರೆ ವೈದ್ಯರಿಗೆ ಹೇಳಿ. ಕೇಳದಿದ್ದರೆ, ಕೇಳುವ ವೈದ್ಯರನ್ನು ಹುಡುಕಿ.

ವೈದ್ಯಾಧಿಕಾರಿಗಳೇ, ತಮ್ಮ ಷರತ್ತನ್ನು ಹಿಂತೆಗೆದುಕೊಳ್ಳಿ. ನಾನು ಯಾವ ಮಾತ್ರೆ ನುಂಗಬೇಕೆಂಬುದನ್ನು ನನಗೂ ನನ್ನ ತಜ್ಞೆಗೂ ಬಿಡಿ. ಕೆಲಸಕ್ಕೆ ಯೋಗ್ಯಳೋ ಅಲ್ಲವೋ ಎಂಬುದನ್ನು ನನ್ನನ್ನು ಮುಟ್ಟಿ, ನಡೆಸಿ, ಮಾತಾಡಿಸಿ ತೀರ್ಮಾನಿಸಿ. ಬರುವ ಸೋಮವಾರ ತಮ್ಮ ಬಾಗಿಲಿಗೆ ಬರುತ್ತೇನೆ. ಈ ಸಲ ತಾವು ಹೇಳದಿದ್ದರೂ ಕುರ್ಚಿ ಎಳೆದು ಕೂರುತ್ತೇನೆ, ಪರೀಕ್ಷೆ ಮುಗಿಯುವವರೆಗೆ ಏಳುವುದಿಲ್ಲ.

ಇಂತಿ,
ತಮ್ಮ ದೃಷ್ಟಿಯಲ್ಲಿ ಗುಣವಾದದ್ದೇ ತಪ್ಪಾಗಿರುವ
ರಮಿತಾ, ಡೊಂಬಿವಲಿ